ಹಿತ್ತಾಳೆ ಪಟ್ಟಿ

ಸಭಾಂಗಣದ ಬಾಗಿಲಿಗಡ್ಡ, ನೆಲದಲ್ಲಿ ಹುದುಗಿ,
ನಾಲ್ಕು ಬೆರಳಗಲದ ಹಿತ್ತಾಳೆ ಪಟ್ಟಿ.
ಹತ್ತೊಂಬತ್ತು ಚಳಿಗಾಲ ಅದನ್ನು ಉಜ್ಜಿದವನು ನಾನು,
ಮೇನ್ ರಾಜ್ಯದ ಶಾಸನಸಭೆಯ ಬಾಗಿಲು ಕಾಯುವವನು,
ಎಲ್ಬ್ರಿಜ್ ಸ್ಟೇಪಲ್ಸ್. ಹೆಸರು ಕೇಳಿದವರು ಕಡಿಮೆ.

ಪಟ್ಟಿಯ ಆಚೆ ನಿಂತು ಒಬ್ಬನನ್ನು ಕಳ್ಳ ಅಂದಿರೋ
ನೋಟೀಸು ಬರುತ್ತದೆ, ವಕೀಲ ಬರುತ್ತಾನೆ, ಮನೆ ಹೋಗುತ್ತದೆ.
ಈಚೆ ನಿಂತು ಶಾಸಕರು ಅಂದರೆ
ಶೀಘ್ರಲಿಪಿಯ ಹುಡುಗಿ ಬರೆದುಕೊಳ್ಳುತ್ತಾಳೆ, ಅಷ್ಟೆ.
ಯಾಕೆ ಅಂದೆ ಎಂದು ಯಾವ ಕೋರ್ಟೂ ಕೇಳುವಂತಿಲ್ಲ.
ರಾಜರಿಗೆ ಹೆದರಿದ ನಾಲಗೆಗಳಿಗಾಗಿ ಮಾಡಿದ್ದು ಇದು
ಎಂದು ಹೊಸಬರಿಗೆ ಮೊದಲ ದಿನ ಹೇಳಿಕೊಡುತ್ತಾರೆ
ಕಾಫಿಯ ಜೊತೆ ಸಕ್ಕರೆ ಮೆತ್ತಿದ ಡೋನಟ್ ಕೊಟ್ಟು.

ಓಡೀಲ್ ಪೆಲ್ಟಿಯೇ ತನ್ನ ಡೋನಟ್ಟನ್ನು
ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕಿಳಿಸಿದಳು, ಮಗನಿಗೆ.
ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದವಳು,
ಸೋಡಾ ತಿಂದ ಕೈಬೆರಳು.
ಅದೇ ಚೀಲದಿಂದ ಮಾರ್ಚಿಯಲ್ಲಿ ಉಪ್ಪಿನಕಾಯಿ ಜಾಡಿ ತೆಗೆದು
ಮೇಜಿನ ಮೇಲಿಟ್ಟಳು, ತುಂಬ ನದಿಯ ನೀರು, ಚಹಾದ ಬಣ್ಣ.
"ಕಾಗದದ ಗಿರಣಿಯ ಯಜಮಾನರು ಒಂದು ಲೋಟ ಕುಡಿಯಲಿ."
ಆಮೇಲೆ ತನ್ನ ಬೀದಿಯಲ್ಲಿ ಸತ್ತ ಏಳು ಜನರ ಹೆಸರು,
ನಿಧಾನಕ್ಕೆ, ಬಟ್ಟೆ ಎಣಿಸಿದ ಹಾಗೆ.

ಮೂವರು ವಕೀಲರು ಬಂದರು, ಚರ್ಮದ ಫೈಲು.
ಅವರ ಬೂಟಿನ ತುದಿ ಹಿತ್ತಾಳೆಗೆ ತಾಗಿ ನಿಂತವು.
ಆ ರಾತ್ರಿ ನಾನು ಪಟ್ಟಿಗೆ ಎರಡು ಸಲ ಪಾಲಿಶ್ ಹಾಕಿದೆ.

ಅದು ಮೊದಲ ಅವಧಿ. ನಾಲ್ಕನೆಯದರಲ್ಲಿ,
ಮಾತು ರೂಢಿಯಾಗಿ ಗಂಟಲಿನ ಕೀಲಿಗೆ ಎಣ್ಣೆ ಬಿದ್ದ ಮೇಲೆ,
ಒಂದು ಮಧ್ಯಾಹ್ನ ಎದ್ದು ನಿಂತು ಅಂದಳು:
ನೀರಿನ ಮಾದರಿಯ ಬಾಟಲಿ ಬದಲಿಸಿದವನು,
ದುಡ್ಡು ತಿಂದವನು, ಲೀಂಡರ್ ಕ್ರಾಕೆಟ್.
ಬೀದಿಯ ಹೆಸರನ್ನೂ ಹೇಳಿದಳು.

ಆ ವಾರ ಲೀಂಡರ್ ಬ್ಯಾಂಗರಿನಲ್ಲಿ
ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ.
ಯಾರಿಗೆ ಬೇಕು? ಕ್ಷೌರದಂಗಡಿಯವನಿಗೆ ಪುರುಸೊತ್ತಿಲ್ಲ,
ಕುರ್ಚಿ ಖಾಲಿಯಿದ್ದರೂ.
ಬೆಳಗಾಗೆದ್ದು ನೋಡಿದರೆ ಮನೆಯ ಮೆಟ್ಟಿಲ ಮೇಲೆ ಸಾಲಾಗಿ
ಹನ್ನೊಂದು ಉಪ್ಪಿನಕಾಯಿ ಜಾಡಿ, ಚಹಾದ ಬಣ್ಣ.

ಚರ್ಚಿನ ಕೋಟು ಹಾಕಿಕೊಂಡು ಬಂದ, ಕೈಯಲ್ಲಿ ಆಸ್ಪತ್ರೆಯ ಚೀಟಿ.
"ಒಳಗೆ ಹೋಗಿ ಹೇಳಪ್ಪಾ.
ಒಂದೇ ಹೆಜ್ಜೆ ಹೊರಗಿಟ್ಟು ಅದೇ ಮಾತಾಡಲಿ."
ಹೇಳಿದೆ. ಬಂದಳು.
ಅವಳ ಬೂಟು ಒಳಗಿನಿಂದ, ಅವನದು ಹೊರಗಿನಿಂದ,
ನಡುವೆ ನಾಲ್ಕು ಬೆರಳು.
ಚೀಟಿ ಓದಿದಳು. ಮಡಚಿ ಕೊಟ್ಟಳು.
"ದಾಖಲೆ ತಿದ್ದಲು ಆಗುವುದಿಲ್ಲವಂತೆ,"
ಅಂದಳು. ಯಾರ ಮಾತು ಅದು, ಹೇಳಲಿಲ್ಲ.

ಆಮೇಲೆ ಅವನು ದಿನಾ ಗ್ಯಾಲರಿಗೆ ಬಂದ.
ಮಂಡಿಯ ಮೇಲೆ ಟೋಪಿ.
*ವೀಕ್ಷಕರು ಮಾತಾಡಕೂಡದು* ಎಂಬ ಫಲಕದ ಕೆಳಗೇ ಜಾಗ.

ಪಟ್ಟಿ ಕಿತ್ತು ನದಿಗೆಸೆ, ಅನ್ನುತ್ತಾಳೆ ನನ್ನ ಹೆಂಡತಿ ಹೆಸ್ಟರ್.
ಆಗ ಆ ಜಾಡಿಯನ್ನು ಯಾರು ಮೇಜಿನ ಮೇಲಿಡುತ್ತಿದ್ದರು? ಅಂದೆ.
ಹಾಗಾದರೆ ಆ ಹನ್ನೊಂದು? ಅಂದಳು.
ತಟ್ಟೆ ತೊಳೆಯುವ ಸರದಿ ನನ್ನದಾಗಿತ್ತು. ತೊಳೆದೆ.

ಡಿಸೆಂಬರಿನ ಮೊದಲ ಬುಧವಾರ ಅವಳ ಅವಧಿ ಮುಗಿಯಿತು.
ರಟ್ಟಿನ ಪೆಟ್ಟಿಗೆ ಹೊತ್ತು ಪಟ್ಟಿ ದಾಟಿದಳು,
ದಾಟಿದ್ದೇ ಯಾರೋ ಒಬ್ಬ ಹೆಂಗಸಾದಳು.
ಹೊರಗೆ ಕಲ್ಲಿನ ಮೆಟ್ಟಿಲ ಮೇಲೆ ಹಿಮ. ಲೀಂಡರ್ ನಿಂತಿದ್ದ.

ಹೊರಬಾಗಿಲ ಗಾಜು ದಪ್ಪ. ನನಗೆ ಕಂಡದ್ದು ಉಸಿರಿನ ಹಬೆ ಮಾತ್ರ.
ಮೊದಲು ಅವಳದು, ಉದ್ದ.
ಆಮೇಲೆ ಬಹಳ ಹೊತ್ತು ಯಾರದೂ ಇಲ್ಲ.
ಆಮೇಲೆ ಅವನದು, ಗಿಡ್ಡ, ಒಂದೇ ಒಂದು.
ಪೆಟ್ಟಿಗೆ ನಡುವೆ ಹಿಮದಲ್ಲಿ ನೆನೆಯುತ್ತಿತ್ತು.

ಒಳಗೆ ಹೊಸಬರಿಗೆ ಡೋನಟ್ ಹಂಚುತ್ತಿದ್ದರು.
ಯಾರದೋ ಬೂಟಿನ ಉಪ್ಪು ಹಿತ್ತಾಳೆಯ ಮೇಲೆ ಬೆಳ್ಳಗೆ ಕೂತಿತ್ತು.
ಬಟ್ಟೆ ಹಿಡಿದು ಬಗ್ಗಿದೆ.